ಪೆಟ್ ಸ್ಕ್ಯಾನಿನಲ್ಲಿ ಕೆಂಪಾಗಿ ಕಂಡ ಜಾಗ

ಎಮ್ಮೆ ಹಿಂಡುತ್ತ ಕೂತಿದ್ದ ನನ್ನ ಹೆಂಡತಿ ಸುನಂದಾ ಒಮ್ಮೆಲೇ ನನ್ನನ್ನು ಕೂಗಿದಳು. ಅವಳ ಎಡಗೈ ಬೆರಳುಗಳು ತಾವಾಗಿಯೇ ಅದುರುತ್ತಿದ್ದವು.

"ನನ್ನ ಕೈ ನನ್ನ ಮಾತ ಕೇಳವಲ್ದು ನೋಡ್ರಿ." ನಗುತ್ತಲೇ ಹೇಳಿದಳು. ಅಷ್ಟರಲ್ಲಿ ಬಾಯಿ ಸೊಟ್ಟಗಾಯಿತು. ಬಿದ್ದಳು.

ಮೆದುಳಿನಲ್ಲಿ ಗಡ್ಡೆ.

ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಸದಲಗಾದ ನಮ್ಮ ಮನೆಗೆ ಮರಳಿದ ಮೇಲೆ ಎರಡು ವರ್ಷ ಚೆನ್ನಾಗಿದ್ದಳು. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ಈ ವರ್ಷ ಬೆರಳುಗಳು ಮತ್ತೆ ಅದುರತೊಡಗಿದವು. ಎಂಆರ್‌ಐನಲ್ಲಿ ಕಂಡದ್ದು ಹಳೆಯ ಗಾಯದ ಕಲೆಯೋ ಹೊಸ ಗಡ್ಡೆಯೋ ತಿಳಿಯದೆ, ಡಾಕ್ಟರು ಪೆಟ್ ಸ್ಕ್ಯಾನ್ ಮಾಡಿಸಿದರು.

ಆಪರೇಶನ್ ಆದ ಜಾಗವೇ ಕೆಂಪಾಗಿ ಹೊಳೆಯುತ್ತಿತ್ತು.

"ಮತ್ತ ಬೆಳದೈತೇನ್ರಿ?" ಎಂದು ಕೇಳಿದೆ. ಡಾಕ್ಟರು ವಯಸ್ಸಾದ ಹೆಣ್ಣುಮಗಳು. ನನಗೆ ಉತ್ತರಿಸದೆ ಸುನಂದಾಳ ಕಡೆ ತಿರುಗಿದರು.

"ಸ್ಕ್ಯಾನಿನ ಮೊದಲ ಇಂಜೆಕ್ಷನ್ ಕೊಟ್ಟು ಮಲಗಿಸಿದ್ರಲ್ಲ, ಆಗ ಬೆರಳು ಅದುರಿದ್ವೇನವ್ವಾ?"

ಸುನಂದಾ ತಲೆ ತಗ್ಗಿಸಿದಳು. "ಹೌದ್ರಿ. ಚಾದರದಾಗ ಕೈ ಮುಚ್ಚಿಟ್ಟಿದ್ನಿ. ಸ್ಕ್ಯಾನ್ ಮಾಡದ ಹೊಳ್ಳಿ ಕಳಸ್ತಾರ ಅಂತ ಅಂಜಿದ್ನಿ. ಇವ್ರು ಮತ್ತ ಅಲೆದಾಡೂದು ಬ್ಯಾಡ ಅನಿಸ್ತು."

ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಬೈಯಲು ಮನಸ್ಸು ಬರಲಿಲ್ಲ.

ಡಾಕ್ಟರು ತಿಳಿಸಿ ಹೇಳಿದರು. ಆ ಇಂಜೆಕ್ಷನ್ ಒಂದು ಬಗೆಯ ಸಕ್ಕರೆ. ಬೆಳೆಯುವ ಗಡ್ಡೆ ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಬೆರಳು ಅದುರುವುದೂ ಫಿಟ್ಸೇ; ಆಗ ಮೆದುಳಿನಲ್ಲಿ ಅದು ನಡೆಯುತ್ತಿರುವ ಜಾಗವೂ ಹಾಗೆಯೇ ಎಳೆದುಕೊಳ್ಳಬಹುದು. ಚಿತ್ರದಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

"ಮೊದಲ ಫಿಟ್ಸ್ ನಿಲ್ಲಿಸೂಣು. ಆಮ್ಯಾಲೆ ಮತ್ತ ನೋಡೂಣು."

ಮಾತ್ರೆ ಬದಲಾಯಿತು. ಹೊಸ ಮಾತ್ರೆಗೆ ಅವಳಿಗೆ ತಲೆ ಸುತ್ತುತ್ತಿತ್ತು. ನಾನು ಅವಳ ಕೂದಲು ಬಾಚಲು ಕಲಿತೆ. ಹೊಲಿಗೆಯ ಗುರುತಿನ ಹತ್ತಿರ ಹಣಿಗೆ ಬಂದಾಗ ಇಬ್ಬರೂ ಉಸಿರು ಬಿಗಿ ಹಿಡಿಯುತ್ತಿದ್ದೆವು.

"ಅದು ಗಡ್ಡೀನ ಆಗಿದ್ರ?" ಎಂದು ಒಮ್ಮೆ ಕೇಳಿದಳು.

"ಆಗಿದ್ರೂ ನಾ ಅದೀನಲ್ಲ," ಎಂದೆ.

ಬೆರಳು ಅದುರುವುದು ನಿಂತು ಕೆಲವು ವಾರಗಳಾದ ಮೇಲೆ ಎರಡನೇ ಸ್ಕ್ಯಾನ್. ಈ ಸಲ ತಲೆಗೆ ವೈರು ಹಚ್ಚಿ, ಒಳಗೆ ಫಿಟ್ಸ್ ನಡೆದಿಲ್ಲವೆಂದು ಇಇಜಿಯಲ್ಲಿ ನೋಡುತ್ತಲೇ ಇಂಜೆಕ್ಷನ್ ಕೊಟ್ಟರು.

ಕೆಂಪು ಇರಲಿಲ್ಲ.

"ಗಡ್ಡಿ ಬೆಳದಂಗ ಕಾಣವಲ್ದು. ಆದ್ರ ತಪ್ಪದ ಬಂದು ತೋರಸ್ತಿರಬೇಕು," ಎಂದರು ಡಾಕ್ಟರು. ಪೂರ್ತಿ ವಾಸಿಯಾಯಿತು ಎನ್ನಲಿಲ್ಲ. ನಾವೂ ಕೇಳಲಿಲ್ಲ.

ಊರಿಗೆ ಬರುವ ಬಸ್ಸು ಚಿಕ್ಕೋಡಿ ದಾಟುತ್ತಲೇ ಸುನಂದಾ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಕಾಯಿಲೆ ಬಂದಾಗಿನಿಂದ ಅವಳು ಕಣ್ಣು ಮುಚ್ಚಿದರೆ ಸಾಕು, ಫಿಟ್ಸ್ ಇರಬಹುದೆಂದು ಗಾಬರಿಯಿಂದ ಎಬ್ಬಿಸಿಬಿಡುತ್ತಿದ್ದೆ.

ಆ ದಿನ ಎಬ್ಬಿಸಲಿಲ್ಲ.