ಬೊಗಳದಿರುವುದನ್ನು ಕಲಿಸುವ ವೀರಯ್ಯ

ಒಂದಾನೊಂದು ಕಾಲದಲ್ಲಿ ನಾಯಿಗೆ ದನಿಯೇ ಇರಲಿಲ್ಲವಂತೆ. ಶಿವ ಪ್ರಾಣಿಗಳಿಗೆಲ್ಲ ಒಂದೊಂದು ವರ ಹಂಚುತ್ತ ಕೂತಿದ್ದಾಗ, ನಾಯಿ ದಾರಿಯಲ್ಲಿ ಯಾವುದೋ ಮೂಳೆ ಕಂಡು ನಿಂತುಬಿಟ್ಟಿತಂತೆ. ಅದು ಬಂದು ಮುಟ್ಟುವ ಹೊತ್ತಿಗೆ ಕೊಂಬು, ಗರಿ, ಸೊಂಡಿಲು ಎಲ್ಲವೂ ಖಾಲಿ. ಜೋಳಿಗೆಯ ತಳದಲ್ಲಿ ಉಳಿದಿದ್ದ ಒರಟು ದನಿಯೊಂದನ್ನು ಶಿವ ಅದರ ಬಾಯಿಗೆ ಹಾಕಿದ. ಅದನ್ನು ಕೇಳಿದ ಮನುಷ್ಯನೊಬ್ಬ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟು, ‘ಇದನ್ನ ನನ್ನ ಬಾಗಿಲಲ್ಲಿ ಕೂಗು’ ಅಂದ. ಅಂದಿನಿಂದ ನಾಯಿ ನಮ್ಮದಾಯಿತು ಎನ್ನುತ್ತಿದ್ದರು ನನ್ನಜ್ಜಿ. ಅದೇ ಮುದ್ದೆ ಕೊಟ್ಟು ಅದೇ ದನಿಯನ್ನು ಅಡಗಿಸಿಡು ಎನ್ನುವವರೂ ಇದ್ದಾರೆಂದು ಅಜ್ಜಿಗೆ ಗೊತ್ತಿರಲಿಲ್ಲ.

ಅವರ ಹೆಸರು ವೀರಯ್ಯ. ಆಲೂರು ತಾಲ್ಲೂಕಿನ ಮಗ್ಗೆಯಿಂದ ಮೂರು ಕಿಲೋಮೀಟರ್ ಒಳಗೆ, ಕಾಫಿ ಎಸ್ಟೇಟಿನ ಬೇಲಿಗೆ ಬೆನ್ನು ಕೊಟ್ಟ ಹೆಂಚಿನ ಮನೆ. ಬೆಳಗಿನ ಐದೂವರೆ. ಮಂಜಿನಲ್ಲಿ ಹಿತ್ತಲು ಇನ್ನೂ ಅರ್ಧ ಕನಸಿನಲ್ಲಿದೆ. ವೀರಯ್ಯ ಹಳೆಯ ಮೊರವೊಂದನ್ನು ತಂದು ಮೂಲೆಯಲ್ಲಿ ಇಡುತ್ತಾರೆ. ಅದರಲ್ಲಿರುವುದು ತೋಟದಿಂದ ಆಗಷ್ಟೇ ಎತ್ತಿ ತಂದ ಆನೆ ಲದ್ದಿ. ಆರು ತಿಂಗಳ ಹೆಣ್ಣುಮರಿ ಚುಕ್ಕಿ ಮೂಗು ಅರಳಿಸಿ ಹತ್ತಿರ ಹೋಗುತ್ತದೆ. ಬೆನ್ನ ಮೇಲಿನ ಕೂದಲು ನಿಮಿರುತ್ತದೆ. ತಿರುಗಿ ಬಂದು ಅವರ ಮೊಣಕಾಲಿನ ಕೆಳಗೆ ತಲೆ ಒತ್ತಿ ನಿಲ್ಲುತ್ತದೆ. ಸದ್ದಿಲ್ಲ. ಅಡಿಕೆ ಗಾತ್ರದ ರಾಗಿಮುದ್ದೆ ಅದರ ಬಾಯಿಗೆ ಹೋಗುತ್ತದೆ.

“ಬೊಗಳಿದ್ರೆ ಏನು ಮಾಡ್ತೀರಿ?” ಎಂದು ಕೇಳುತ್ತೇನೆ.

“ಏನೂ ಇಲ್ಲ. ಗೋಡೆ ಕಡೆ ತಿರುಕ್ಕಂಡು ಕೂತ್ಕಬುಡ್ತೀನಿ. ಹೊಡಿಯಂಗಿಲ್ಲ ಕಣವ್ವ. ಹೊಡೆದ್ರೆ ಹೆದರ್ತದೆ, ಹೆದರಿದ ನಾಯಿನೇ ಜಾಸ್ತಿ ಬೊಗಳೋದು.”

ಒಳಗಿನಿಂದ ಕಾಫಿ ತಂದ ಹೆಂಡತಿ ಸುಮಿತ್ರಮ್ಮ ನಗುತ್ತಾರೆ. “ನಂಗೂ ಹಿಂಗೇ ಗೋಡೆ ನೋಡ್ಕಂಡು ಕೂತು ಕಲ್ಸಕ್ಕೆ ನೋಡಿದ್ರು. ಇಪ್ಪತ್ತೆಂಟು ವರ್ಸ ಆಯ್ತು, ನಾನೇನು ಸುಮ್ಕಾದ್ನಾ?”

ವೀರಯ್ಯನಿಗೆ ಐವತ್ನಾಲ್ಕು. ಎಂಟು ಗಂಟೆಗೆ ಎಸ್ಟೇಟಿನ ಕೆಲಸಕ್ಕೆ ಹಾಜರಿ. ಅದಕ್ಕೂ ಮೊದಲು ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ ಮರಿಗೆ. ಮೊದಲ ತಿಂಗಳು ಎಲ್ಲ ಮನೆಯ ಪಾಠವೇ: ಒಳಗೆ ಉಚ್ಚೆ ಹೊಯ್ಯಬಾರದು, ಚಪ್ಪಲಿ ಕಚ್ಚಬಾರದು, ಕಾಫಿ ಒಣಗಿಸುವ ಕಣಕ್ಕೆ ಕಾಲಿಡಬಾರದು. ಆಮೇಲೆ ಮೊರ ಬರುತ್ತದೆ. ಆರು ವರ್ಷದಲ್ಲಿ ಹನ್ನೊಂದು ನಾಯಿಗಳು ಈ ಹಿತ್ತಲಿನಲ್ಲಿ ಕಲಿತು ಬೇರೆಯವರ ಮನೆಗಳಿಗೆ ಹೋಗಿವೆ, ಎರಡು ದೂರದ ವನಗೂರಿನವರೆಗೂ.

“ಸುಮ್ಕಿರೋ ಮರಿ ನಂಗೆ ಬ್ಯಾಡ. ಬೊಗಳಕ್ಕೆ ಬರದೇ ಇರೋದು ಮೂಗ. ಬೊಗಳಕ್ಕೆ ಬಂದೂ ಸುಮ್ಕಿರ್ತದಲ್ಲ, ಅದು ಬುದ್ಧಿ” ಎನ್ನುತ್ತಾರೆ.

ಈ ಬುದ್ಧಿ ಅವರಿಗೆ ಬಂದ ದಾರಿ ಸುಲಭದ್ದಲ್ಲ. ತೊಂಬತ್ತೇಳರ ಸುಗ್ಗಿಯಲ್ಲಿ ಅಣ್ಣ ಸಿದ್ದಬಸಪ್ಪನವರು ಗದ್ದೆಯ ಬದುವಿನ ಮೇಲೆ ಬರುತ್ತಿದ್ದರು. ವೀರಯ್ಯನೇ ಸಾಕಿದ್ದ ನಾಯಿ ಜೊತೆಗಿತ್ತು. ಊರಿಗೇ ಜೋರಾಗಿ ಬೊಗಳುವ ನಾಯಿಯೆಂದು ವೀರಯ್ಯ ಬೀಗುತ್ತಿದ್ದ ಕಾಲ. ಅದು ಒಂಟಿ ಸಲಗವನ್ನು ಕಂಡು ಮೇಲೆ ಬಿದ್ದು ಬೊಗಳಿತು. ಸಲಗ ತಿರುಗಿತು. ನಾಯಿ ನೇರ ಸಿದ್ದಬಸಪ್ಪನವರ ಕಾಲ ಬಳಿಗೆ ಓಡಿ ಬಂತು, ಅದರ ಹಿಂದೆಯೇ ಆನೆ.

“ನಾಯಿ ತಪ್ಪಲ್ಲ” ಎಂದು ವೀರಯ್ಯ ತಡೆದು ತಡೆದು ಹೇಳುತ್ತಾರೆ. “ಹೆದರಿದ ಕೂಸು ಎಲ್ಲಿಗೋಯ್ತದೆ? ಸಾಕಿದೋರ ಹತ್ರಕ್ಕೇ. ಬೊಗಳಿದಾಗೆಲ್ಲ ಭೇಷ್ ಅಂತ ಬೆನ್ನು ತಟ್ಟಿದ್ನಲ್ಲ, ಅದು ನಂದು. ನಾಯಿನೇ ಕರ್ಕಂಡು ಹೋಗ್ಬ್ಯಾಡಿ ಅಂತಾರೆ ಫಾರೆಸ್ಟ್‌ನೋರು. ಅದೂ ನಿಜವೇಯ. ಆದ್ರೆ ಕಿವಿ ಇಲ್ದೋರು ಏನ್ ಮಾಡಬೇಕು?”

ಕಿವಿ ಇಲ್ಲದವರು ಸಿದ್ದಬಸಪ್ಪನವರ ಹೆಂಡತಿ ಕಲ್ಯಾಣಮ್ಮ. ಪಕ್ಕದ ಮನೆಯಲ್ಲೇ ಒಬ್ಬರೇ ಇದ್ದಾರೆ. ಎರಡು ಹಸುಗಳ ಹಾಲೇ ಜೀವನ. ಎರಡು ವರ್ಷದ ಹಿಂದೆ ಜ್ವರ ಬಂದು ಕಿವಿ ಪೂರ್ತಿ ಹೋಯಿತು. ಡೈರಿಗೆ ಒಂದೂವರೆ ಕಿಲೋಮೀಟರ್, ಎಸ್ಟೇಟಿನ ಅಂಚಿನ ದಾರಿ. ಆನೆ ಬಿದಿರು ಮುರಿದರೂ ಅವರಿಗೆ ಕೇಳುವುದಿಲ್ಲ. ಹಾಗಾಗಿ ದಿನವೂ ವೀರಯ್ಯ ಹಿಂದೆ ಹಿಂದೆ ನಡೆಯುತ್ತಾರೆ. ಗಂಡ ಸತ್ತ ಮೇಲೆ ನಾಯಿಯನ್ನು ಅಂಗಳಕ್ಕೂ ಸೇರಿಸದಿದ್ದ ಕಲ್ಯಾಣಮ್ಮ ಈ ಮಳೆಗಾಲದ ಮೊದಲಲ್ಲಿ ತಾವಾಗಿ ಬಂದು ಕೇಳಿದರು: “ನಂಗೂ ಒಂದು ಮರಿ ಕೊಡಪ್ಪ, ವೀರಯ್ಯ. ಎಷ್ಟು ದಿನ ಅಂತ ನೀನು ಕಾಯ್ತೀಯ?” ಭತ್ತ ಹಾಲುಗಟ್ಟುವ ಮೊದಲು ಕೊಡುತ್ತೇನೆಂದು ವೀರಯ್ಯ ಮಾತು ಕೊಟ್ಟರು. ಆಗಲೇ ಆನೆಗಳು ಗದ್ದೆಗೆ ಇಳಿಯುವುದು.

ಅವರಿಗೆಂದೇ ತಂದ ಚುಕ್ಕಿ ಬೇಗ ಕಲಿತಿತು. ಕಲಿಯದವರು ಕಲ್ಯಾಣಮ್ಮ. ಕಿವಿ ಹೋದವರ ದನಿ ದೊಡ್ಡದು. ಮರಿ ಬಂದು ಕಾಲಿಗೆ ಒತ್ತಿದ ಕೂಡಲೇ ಅವರು ಸಂತೋಷಕ್ಕೆ “ಅಯ್ಯೋ ನನ್ ಬಂಗಾರ!” ಎಂದು ಕೂಗಿಬಿಡುತ್ತಿದ್ದರು. ಆ ಕೂಗಿಗೆ ಮರಿಯೂ ಕುಣಿದು ಬೊಗಳುತ್ತಿತ್ತು. ವೀರಯ್ಯ ಬಾಯಿಗೆ ಬೆರಳಿಟ್ಟು ತೋರಿಸಿದರೆ, “ನಾನೆಲ್ಲಿ ಕೂಗಿದ್ನೋ ಮಾರಾಯ?” ಎಂದು ಮತ್ತೂ ಜೋರಾಗಿ ಕೇಳುತ್ತಿದ್ದರು.

“ಮರಿಗೆ ಎರಡು ತಿಂಗ್ಳು ಸಾಕಾಯ್ತು, ನಮ್ಮತ್ತಿಗೆಗೆ ನಾಕು” ಎನ್ನುತ್ತಾರೆ ವೀರಯ್ಯ, ನಗದೆ. ಗದ್ದೆಯಲ್ಲಿ ಭತ್ತ ಹಾಲುಗಟ್ಟುತ್ತಿದೆ.

ಆರು ಗಂಟೆಗೆ ಕಲ್ಯಾಣಮ್ಮ ಹಾಲಿನ ಕ್ಯಾನು ಹಿಡಿದು ಹೊರಡುತ್ತಾರೆ. ಮುಂದೆ ಚುಕ್ಕಿ, ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ವೀರಯ್ಯ. ಎಸ್ಟೇಟಿನ ತಿರುವಿನಲ್ಲಿ ಚುಕ್ಕಿ ನಿಲ್ಲುತ್ತದೆ. ಬಾಲ ಹೊಟ್ಟೆಗೆ ಅಂಟುತ್ತದೆ. ಬಾಯಿ ತೆರೆಯುತ್ತದೆ. ವೀರಯ್ಯ ಇದ್ದಲ್ಲೇ ಹೆಜ್ಜೆ ನಿಲ್ಲಿಸುತ್ತಾರೆ. ಮರಿ ಬಾಯಿ ಮುಚ್ಚಿ, ತಿರುಗಿ ಬಂದು ಕಲ್ಯಾಣಮ್ಮನ ಕಾಲಿಗೆ ತಲೆ ಒತ್ತುತ್ತದೆ.

ಕಲ್ಯಾಣಮ್ಮ ಕೂಗುವುದಿಲ್ಲ. ಎಡಗೈಯಿಂದ ತಮ್ಮ ಬಾಯನ್ನೇ ಮುಚ್ಚಿಕೊಂಡು, ಹಾಲು ತುಳುಕದಂತೆ ಹಿಂದಕ್ಕೆ ತಿರುಗಿ ನಡೆಯುತ್ತಾರೆ. ಅವರು ವೀರಯ್ಯನನ್ನು ದಾಟಿದ ಮೇಲೆ ಬಿದಿರ ಮೆಳೆ ಲಟಲಟನೆ ಮುರಿಯುತ್ತದೆ. ಮೂರು ಆನೆ, ಒಂದು ಮರಿಯಾನೆ. ದಾರಿ ದಾಟಿ, ಮಂಜಿನೊಳಗೆ ಮಂಜಿನಂತೆಯೇ ಕರಗುತ್ತವೆ. ಅಂದಿನ ಹಾಲು ಡೈರಿಗೆ ತಲುಪುವುದಿಲ್ಲ, ಎರಡೂ ಮನೆಯಲ್ಲಿ ಮೊಸರಾಗುತ್ತದೆ.

ಮರುದಿನ ಆರು ಗಂಟೆ. ಕಲ್ಯಾಣಮ್ಮ, ಚುಕ್ಕಿ ಇಬ್ಬರೇ ತಿರುವಿನ ಕಡೆ ಹೋಗುತ್ತಿದ್ದಾರೆ. ವೀರಯ್ಯ ಚಪ್ಪಲಿ ಮೆಟ್ಟಿ ಬೇಲಿಯ ಹತ್ತಿರವೇ ನಿಂತಿದ್ದಾರೆ.

“ಯಾಕೆ, ಹೋಗಲ್ವಾ ಇವತ್ತು?” ಸುಮಿತ್ರಮ್ಮ ಒಳಗಿನಿಂದ ಕೇಳುತ್ತಾರೆ.

“ಇಲ್ಲ” ಎನ್ನುತ್ತಾರೆ ವೀರಯ್ಯ. “ಅತ್ತಿಗೆ ಬರ್‍ಬ್ಯಾಡ ಅಂದ್ರು.”