ಕ್ಯಾಚ್ ಹಿಡಿದ ಮೇಲೆ

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ನಮ್ಮ ಮೇಲಿನ ಮನೆಯ ಅಜ್ಜ ನನಗೆ ಎರಡು ವರ್ಷ ಬರೀ ತಲೆನೋವಾಗಿದ್ದರು. ಮೆಟ್ಟಿಲು ಗುಡಿಸುವ ನಮ್ಮ ಪಾಳಿ ಒಂದು ದಿನ ತಪ್ಪಿದರೂ ಬಂದು ಬಾಗಿಲು ಬಡಿಯುತ್ತಿದ್ದರು. ಅವರು ಒಂದು ಕಾಲಕ್ಕೆ ಅಮೆರಿಕದಲ್ಲಿ ಹೆಸರಾದ ಬೇಸ್‌ಬಾಲ್ ಆಟಗಾರರು ಎಂಬುದು ಆಮೇಲೆ ತಿಳಿಯಿತು. ದೂರದ ಗೋಡೆಯ ಹತ್ತಿರ ಚೆಂಡು ಹಿಡಿದು, ಅಲ್ಲಿಂದಲೇ ನೆಟ್ಟಗೆ ಒಗೆದು, ಓಡುತ್ತಿದ್ದವನನ್ನು ಔಟ್ ಮಾಡುತ್ತಿದ್ದರಂತೆ. ಅದನ್ನು ನೋಡಲೆಂದೇ ಜನ ಬರುತ್ತಿದ್ದರಂತೆ. ಒಂದು ದಿನ ಹಾಗೆ ಒಗೆಯುವಾಗಲೇ ಭುಜ ಕೈಕೊಟ್ಟಿತು, ಆಟ ಮುಗಿಯಿತು. ಹೆಂಡತಿಯ ಊರೆಂದು ಇಲ್ಲಿಗೆ ಬಂದು, ಶನಿವಾರಗಳಲ್ಲಿ ಹವ್ಯಾಸಿ ತಂಡವೊಂದಕ್ಕೆ ಕಲಿಸುತ್ತಿದ್ದರು. ಈಗ ಆ ಕೈಯನ್ನು ಎತ್ತಿ ಕೋಟು ತೂಗುಹಾಕಲೂ ಅವರಿಗೆ ಆಗುತ್ತಿರಲಿಲ್ಲ.

ನಾನು ಧಾರವಾಡದಲ್ಲಿ ಬೌಂಡರಿ ಗೆರೆಯ ಮೇಲೆ ನಿಂತೇ ಬೆಳೆದವನು. ಒಂದು ಶನಿವಾರ ಅವರ ಮೈದಾನದಿಂದ ಹೊರಗೆ ಹಾರಿಬಂದ ಚೆಂಡನ್ನು ಬರಿಗೈಯಲ್ಲಿ ಹಿಡಿದದ್ದನ್ನು ನೋಡಿ ಅಜ್ಜ ನನ್ನನ್ನು ತಂಡಕ್ಕೆ ಸೇರಿಸಿಕೊಂಡರು.

"ಹಿಡಿದರೆ ಅರ್ಧ ಕೆಲಸ. ಒಗೆಯುವುದು ಇನ್ನರ್ಧ," ಎಂದು ಪ್ರತಿ ಶನಿವಾರ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಕ್ಯಾಚ್ ಬಗ್ಗೆ ನನಗೇ ಪಾಠವೇ ಎಂಬ ಸೊಕ್ಕು.

ಆ ಬೇಸಿಗೆಯ ಕೊನೆಯ ಪಂದ್ಯ ಅವರಿಗೂ ಕೊನೆಯದು. ಹೃದಯ ಸೋತಿತ್ತು, ಪಂದ್ಯ ಮುಗಿದ ಮೇಲೆ ವೃದ್ಧರ ಆರೈಕೆಯ ಫ್ಲೇಗೆಹೈಮ್‌ಗೆ ಹೋಗುವವರಿದ್ದರು. ಗೆದ್ದು ಹೋಗಬೇಕು ಎಂದು ನಮಗೆಲ್ಲ ಬಾಯಿಬಿಟ್ಟು ಹೇಳಿದ್ದರು. ಎರಡೂ ತಂಡಗಳ ರನ್ ಸಮ. ಎದುರಾಳಿಗಳ ಕೊನೆಯ ಸರದಿ, ಅವರಲ್ಲೊಬ್ಬ ಮೂರನೆಯ ಬೇಸ್‌ನಲ್ಲಿ, ಗೆಲುವಿನ ರನ್‌ಗೆ ಒಂದೇ ಓಟದ ದೂರದಲ್ಲಿ, ಕಾದು ನಿಂತಿದ್ದ. ಚೆಂಡು ಮುಗಿಲಿಗೆ ಏರಿತು. ಹಿಂದಕ್ಕೆ ಓಡಿ, ಜಿಗಿದು ಹಿಡಿದೆ. ಹಿಡಿದವನೇ ಚೆಂಡನ್ನು ಮೇಲಕ್ಕೆ ತೂರಿ, ಎರಡೂ ಕೈಯೆತ್ತಿ ಕುಣಿದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಆದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ, ಕ್ಯಾಚ್ ಆದ ಮೇಲೂ ಬೇಸ್‌ನಲ್ಲಿದ್ದವನು ಓಡಬಹುದು. ಓಡಿದ. ನಾನು ಕುಣಿಯುತ್ತಿದ್ದಾಗಲೇ ನಾವು ಸೋತಿದ್ದೆವು.

ಅಜ್ಜ ಬೈಯಲಿಲ್ಲ. ಟೋಪಿ ತೆಗೆದು ಕಾರಿನಲ್ಲಿ ಹೋಗಿ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ವಾರಕ್ಕೆ ಗಂಡ ಹೆಂಡತಿ ಇಬ್ಬರೂ ಮನೆ ಬಿಟ್ಟರು. ನಾನು ಕೆಳಗಿಳಿದು ಕಳಿಸಿಕೊಡಲೂ ಇಲ್ಲ. ನಾಚಿಕೆ. ಇವತ್ತು ನಾಳೆ ಎನ್ನುತ್ತ ಚಳಿಗಾಲ ಬಂತು.

ಕೊನೆಗೆ ನನ್ನ ಹೆಂಡತಿಯೇ ರೇಗಿದಳು: "ಎಷ್ಟ್ ದಿನಾ ಮಾರಿ ತಪ್ಪಿಸಿ ಅಡ್ಡಾಡ್ತೀರಿ? ಶೇಂಗಾ ಹೋಳಿಗಿ ಕಟ್ಟೀನಿ, ಹೋಗಿ ಮಾತಾಡ್ಸಿ ಬರ್ರಿ."

ಹೋದೆ. ಕೋಣೆಯಲ್ಲಿ ಮಂಚ ಖಾಲಿ. ಅವರ ಹೆಂಡತಿ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅಜ್ಜ ತೀರಿಕೊಂಡು ಮೂರು ದಿನವಾಗಿತ್ತು.

"ನಿನ್ನ ಕ್ಯಾಚಿನ ಸುದ್ದಿ ಇಲ್ಲಿನ ನರ್ಸುಗಳಿಗೆಲ್ಲ ಬಾಯಿಪಾಠ ಆಗಿದೆ," ಎಂದರು. "ಅಷ್ಟು ಚಂದ ಯಾರೂ ಹಿಡಿದಿಲ್ಲ ಅಂತಿದ್ದರು. ಸೋತದ್ದನ್ನ ಒಂದು ದಿನವೂ ಎತ್ತಲಿಲ್ಲ. ಅವನು ಬರಲಿ, ಒಗೆಯೋದು ಕಲಿಸೋದು ಬಾಕಿ ಇದೆ ಅಂತ ಶನಿವಾರ ಶನಿವಾರ ಶೂ ಹಾಕಿಸಿಕೊಂಡು ಕೂತಿರುತ್ತಿದ್ದರು."

ಶೂ ಮಂಚದ ಕೆಳಗೇ ಇದ್ದವು. ಹೋಳಿಗೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಅತ್ತೆ.