ಬೀರಪ್ಪನಿಗೆ ನಾನು ಕಲಿಸಿದ ತಾರೀಖು

೧೯೩೭ರಲ್ಲಿ ನಾನು ಗೋಕಾಕದ ಕೋರ್ಟಿನಲ್ಲಿ ಎರಡು ವರ್ಷ ವಯಸ್ಸಿನ ವಕೀಲ. ಊರು ಹುಕ್ಕೇರಿ. ಕರಿ ಕೋಟು ಹೊಸದು, ಕಕ್ಷಿದಾರರು ಕಡಿಮೆ, ಇಂಗ್ಲಿಷ್ ಮಾತ್ರ ಧಾರಾಳ. ಶಾಲೆಯಲ್ಲಿದ್ದಾಗಿನಿಂದ ನನಗೆ ಇಂಗ್ಲಿಷಿನ ವಿರುದ್ಧ ಪದಗಳ ಹುಚ್ಚು. ಗೈಡ್ ಎಂದರೆ ದಾರಿ ತೋರಿಸುವುದು, ಮಿಸ್‌ಗೈಡ್ ಎಂದರೆ ದಾರಿ ತಪ್ಪಿಸುವುದು. ಹಾಗೆಯೇ ಲೀಡ್ ಮತ್ತು ಮಿಸ್‌ಲೀಡ್, ಡೈರೆಕ್ಟ್ ಮತ್ತು ಮಿಸ್‌ಡೈರೆಕ್ಟ್. ಕಾನೂನು ಓದಲು ಹೋದರೆ ಅಲ್ಲಿಯೂ ಇದೇ ಮಂದಿ ಎದುರಾದರು. ಉತ್ತರವನ್ನು ತನ್ನೊಳಗೇ ಇಟ್ಟುಕೊಂಡು ಕೇಳುವ ಪ್ರಶ್ನೆಗೆ ಲೀಡಿಂಗ್ ಕ್ವೆಶ್ಚನ್ ಎನ್ನುತ್ತಾರೆ. ನ್ಯಾಯಾಧೀಶರು ಜ್ಯೂರಿಗೆ ಕಾನೂನನ್ನು ತಪ್ಪಾಗಿ ತಿಳಿಸಿದರೆ ಅದು ಮಿಸ್‌ಡೈರೆಕ್ಷನ್. ದಾರಿ ತೋರಿಸುವವನೇ ಬೇರೆ, ತಪ್ಪಿಸುವವನೇ ಬೇರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ನಾನು ಮೊದಲನೆಯ ಜಾತಿಯವನು ಎಂಬುದರಲ್ಲಂತೂ ಸಂಶಯವೇ ಇರಲಿಲ್ಲ.

ಆಗ ನನ್ನ ಕೈಯಲ್ಲಿದ್ದ ಒಂದೇ ದೊಡ್ಡ ಪ್ರಕರಣ ಮೂಡಲಗಿಯ ಕುಂಬಾರ ನೀಲವ್ವನದು. ಆಕೆ ವಿಧವೆ, ಐವತ್ತರ ಆಸುಪಾಸು. ಹಳ್ಳದ ದಂಡೆಯಿಂದ ಗಡಿಗೆಯ ಮಣ್ಣು ತರಲು ನೆರೆಯವನೊಬ್ಬನ ಹೊಲದ ಅಂಚಿನಲ್ಲಿ ಒಂದು ಕಾಲುದಾರಿಯಿತ್ತು. ಆಕೆಯ ಮಾವನ ಕಾಲದಿಂದಲೂ ಅವರ ಕತ್ತೆಗಳು ಅಲ್ಲೇ ಓಡಾಡುತ್ತಿದ್ದವು. ಹೊಲದವನು ಒಂದು ದಿನ ಆ ದಾರಿಗೆ ಮುಳ್ಳುಬೇಲಿ ಬಡಿದ. ಸುತ್ತುಬಳಸಿನ ದಾರಿಯಲ್ಲಿ ಹೋದರೆ ಅರ್ಧ ದಿನ ಹಾಳು.

"ಯಪ್ಪಾ, ಮಣ್ಣ ಇಲ್ಲದ ತಿಗರಿ ತಿರುಗಿಸಿ ನಾ ಏನ ಮಾಡ್ಲಿ?" ಎಂದು ಆಕೆ ನನ್ನ ಕಟ್ಟೆಯ ಮೇಲೆ ಬಂದು ಕೂತಿದ್ದಳು.

ಬೇರೆಯವರ ಜಮೀನಿನಲ್ಲಿ ಓಡಾಡುವ ಇಂಥ ಹಕ್ಕಿಗೆ ಕಾನೂನಿನಲ್ಲಿ ಈಸ್‌ಮೆಂಟ್ ಎಂದು ಹೆಸರು. ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೆ, ತಕರಾರಿಲ್ಲದೆ ದಾರಿ ಬಳಸಿರಬೇಕು. ದಾರಿ ಮುಚ್ಚಿದ ಎರಡು ವರ್ಷದೊಳಗೆ ದಾವೆ ಹೂಡಬೇಕು. ಇಪ್ಪತ್ತು ವರ್ಷದ ಮಾತಿಗೆ ಎದುರು ಪಕ್ಷದವರು ಹೆಚ್ಚು ಜಗ್ಗಾಡಲಿಲ್ಲ. ಅವರ ಪಟ್ಟೆಲ್ಲ ಎರಡನೆಯದರ ಮೇಲೆ. ನಾವು ದಾವೆ ಹೂಡಿದ್ದು ೧೯೩೬ರ ಮಾರ್ಚಿನಲ್ಲಿ. ಬೇಲಿ ಬಿದ್ದದ್ದು ೧೯೩೪ರ ಮುಂಗಾರಿನಲ್ಲಿ ಎಂದು ನೀಲವ್ವ, ೧೯೩೩ರಲ್ಲೇ ಎಂದು ಅವರು. ಅವರ ಮಾತು ಗೆದ್ದರೆ ನೀಲವ್ವನ ದಾರಿ ಶಾಶ್ವತವಾಗಿ ಮುಚ್ಚಿದಂತೆ.

ಬೇಲಿ ಹಾಕುವುದನ್ನು ಕಣ್ಣಾರೆ ಕಂಡವನು ಒಬ್ಬನೇ, ಕುರಿ ಕಾಯುವ ಬೀರಪ್ಪ. ಅರವತ್ತು ದಾಟಿದವನು, ಯಾರ ಹಂಗಿನಲ್ಲೂ ಇಲ್ಲದವನು. ನನ್ನ ಕಚೇರಿಗೆ ಬಂದು, "ಕಾರಹುಣ್ಣಿವಿ ಆಗಿ ಮೂರನೇ ದಿನಾರಿ. ನಾ ಕುರಿ ಹೊಡಕೊಂಡು ಧುಪದಾಳದ ಕಡಿಂದ ಬರಾಕತ್ತಿದ್ದೆ" ಎಂದು ಹೇಳತೊಡಗಿದ. ಮಳೆ, ಮರಿ, ಉಣ್ಣೆ ಎಂದು ಅವನ ಮಾತು ಎಲ್ಲೆಲ್ಲೋ ಹೊರಟಿತು. ನಾನು ಕೈ ಎತ್ತಿ ನಿಲ್ಲಿಸಿದೆ. ಕೋರ್ಟಿಗೆ ಬೇಕಾದದ್ದು ತಾರೀಖು, ಕುರಿಯ ಪುರಾಣವಲ್ಲ ಎಂಬುದು ನನ್ನ ತಿಳಿವಳಿಕೆ. ಕಪಾಟಿನಿಂದ ಹಳೆಯ ಪಂಚಾಂಗ ಎಳೆದು ನೋಡಿದೆ. ಕಾರಹುಣ್ಣಿಮೆ ಜೂನ್ ೮. ಮೂರನೆಯ ದಿನ ೧೧.

"ಕಾಕಾ, ಇಷ್ಟ ಹೇಳ್ರಿ ಸಾಕು. ಹನ್ನೊಂದು ಜೂನ್, ಹತ್ತೊಂಬತ್ತನೂರಾ ಮೂವತ್ನಾಕು."

ಮೂರು ದಿನ ಬೆಳಿಗ್ಗೆ ಬಂದು ಅವನು ಅದನ್ನು ಬಾಯಿಪಾಠ ಮಾಡಿದ. ಜೂನ್ ಎಂಬುದು ಅವನ ನಾಲಿಗೆಗೆ ಒಗ್ಗದೆ ಜೂನಾ, ಜೂನಿ ಎಂದೆಲ್ಲ ಆಗುತ್ತಿತ್ತು. ನಾನು ತಿದ್ದಿದೆ. ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದೆ: "ಯಾರು ಹೇಳಿಕೊಟ್ಟರು ಅಂತ ಕೇಳಿದ್ರ, ಯಾರೂ ಇಲ್ಲ ಅನ್ರಿ." ಸಾಕ್ಷಿಯನ್ನು ತಯಾರು ಮಾಡುವಾಗ ಎಲ್ಲರೂ ಹೇಳುವ ಮಾತೇ ಅದು. ಬೀರಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹೂಂ ಎಂದ.

ಸಾಕ್ಷಿಯ ದಿನ ಅವನು ಹೆಗಲ ಕಂಬಳಿಯನ್ನು ಮಡಚಿಟ್ಟು ಪ್ರಮಾಣ ಮಾಡಿ, ತಾರೀಖನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ನಾನು ಬೀಗಿದೆ. ಎದುರು ಪಕ್ಷದ ವಕೀಲರು ಹಿರಿಯರು, ಗಡಿಬಿಡಿಯ ಮನುಷ್ಯರಲ್ಲ. ಮೆಲ್ಲಗೆ ಎದ್ದು ಕೇಳಿದರು:

"ಆವತ್ತು ಹಬ್ಬ ಹುಣ್ಣಿವಿ ಏನರ ಇತ್ತೇನಪಾ?"

"ಕಾರಹುಣ್ಣಿವಿ ಆಗಿ ಮೂರನೇ ದಿನಾರಿ."

ಅವರು ಚೀಲದಿಂದ ಎರಡು ಪಂಚಾಂಗ ತೆಗೆದು ನ್ಯಾಯಾಧೀಶರ ಮೇಜಿನ ಮೇಲಿಟ್ಟರು. ೧೯೩೪ರಲ್ಲಿ, ಅಂದರೆ ಭಾವ ಸಂವತ್ಸರದಲ್ಲಿ, ಕಾರಹುಣ್ಣಿಮೆ ಬಂದದ್ದು ಜೂನ್ ೨೭ಕ್ಕೆ. ಹನ್ನೊಂದನೆಯ ತಾರೀಖಿಗೆ ಹುಣ್ಣಿಮೆ ಇನ್ನೂ ಹದಿನಾರು ದಿನ ದೂರ. ಜೂನ್ ೮ಕ್ಕೆ ಕಾರಹುಣ್ಣಿಮೆ ಬಂದದ್ದು ಅದರ ಹಿಂದಿನ ಶ್ರೀಮುಖ ಸಂವತ್ಸರದಲ್ಲಿ, ೧೯೩೩ರಲ್ಲಿ. ಆಗ ನನಗೆ ಹೊಳೆಯಿತು. ಅವಸರದಲ್ಲಿ ನಾನು ಕಪಾಟಿನಿಂದ ಎಳೆದದ್ದು ಹಿಂದಿನ ವರ್ಷದ ಪಂಚಾಂಗ. ಎದುರು ಪಕ್ಷದವರಿಗೆ ಬೇಕಾಗಿದ್ದ ವರ್ಷಕ್ಕೆ ಹೊಂದುವ ತಾರೀಖನ್ನು ನಮ್ಮ ಸಾಕ್ಷಿಯ ಬಾಯಿಂದಲೇ ಹೇಳಿಸಿದ್ದೆ.

"ಈ ತಾರೀಖು ಯಾರು ಹೇಳಿಕೊಟ್ಟರು?" ಎಂದು ಅವರು ಮುಂದುವರಿಸಿದರು.

ಬೀರಪ್ಪ ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಯಾರೂ ಇಲ್ಲರಿ."

ವಕೀಲರು ನ್ಯಾಯಾಧೀಶರತ್ತ ತಿರುಗಿ ಇಂಗ್ಲಿಷಿನಲ್ಲಿ, ಸಾಕ್ಷಿ ಪ್ರಮಾಣ ಮಾಡಿ ಸುಳ್ಳು ಹೇಳುತ್ತಿದ್ದಾನೆ, ಇವನ ಮೇಲೆ ಕ್ರಮ ಕೈಗೊಳ್ಳಬೇಕು ಎಂದರು. ಅಂದರೆ ನೀಲವ್ವನ ದಾರಿ ಹೋಗುವುದರ ಜೊತೆಗೆ ಬೀರಪ್ಪನಿಗೆ ಜೈಲು. ನೀಲವ್ವ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಇಂಗ್ಲಿಷ್ ತಿಳಿಯದಿದ್ದರೂ ಏನೋ ಕೆಟ್ಟಿತೆಂದು ಗೊತ್ತಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನನಗಂತೂ ಎಂದೂ ಆಗದಷ್ಟು ನಾಚಿಕೆಯಾಯಿತು. ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಸಾಕ್ಷಿಗೆ ಪಾಠ ಹೇಳಿಕೊಟ್ಟೆನೆಂದು ಬಾಯಿಬಿಟ್ಟರೆ ನನ್ನ ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಹೋಗಬಹುದಿತ್ತು. ನಿಲ್ಲಲೋ ಬೇಡವೋ ಎನ್ನುತ್ತಲೇ ಎದ್ದು ನಿಂತಿದ್ದೆ.

ನ್ಯಾಯಾಧೀಶರು ಧಾರವಾಡದ ಕಡೆಯವರು. ಲೇಖನಿ ಕೆಳಗಿಟ್ಟು ನಮ್ಮ ಮಾತಿನಲ್ಲೇ ಕೇಳಿದರು: "ವಕೀಲರ, ಖರೆ ಹೇಳ್ರಿ. ಈ ಮನಷ್ಯಾಗ ನೀವು ಗೈಡ್ ಮಾಡೀರೋ, ಮಿಸ್‌ಗೈಡ್ ಮಾಡೀರೋ?"

"ಗೈಡ್ ಮಾಡಾಕ ಹೋಗಿದ್ದೆರಿ. ಮಿಸ್‌ಗೈಡ್ ಮಾಡೇನಿ. ತಾರೀಖು ನಂದು. ಯಾರೂ ಹೇಳಿಕೊಟ್ಟಿಲ್ಲ ಅನ್ರಿ ಅಂತ ಹೇಳಿದವನೂ ನಾನ. ಈತಂದು ಏನೂ ತಪ್ಪಿಲ್ಲ."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ನ್ಯಾಯಾಧೀಶರು ನನ್ನನ್ನು ಕೂರಿಸಿದರು. ಸಾಕ್ಷಿಗೆ ತಾವೇ ಏನನ್ನಾದರೂ ಕೇಳುವ ಅಧಿಕಾರ ಅವರಿಗಿದೆ. ಅದನ್ನು ಬಳಸಿ, "ಬೀರಪ್ಪ, ಜೂನ್ ಗೀನ್ ಬಿಡು. ನಿನ್ನ ಲೆಕ್ಕದಾಗ ಹೇಳು. ಯಾವ ವರ್ಷ ಅದು?" ಎಂದರು.

ಬೀರಪ್ಪ ತಲೆ ಎತ್ತಿದ. "ಅಧಿಕ ತಿಂಗಳ ಬಂದ ವರ್ಷಾರಿ. ಎರಡು ವೈಶಾಖ. ಅದಕ್ಕ ಕಾರಹುಣ್ಣಿವಿ ತಡಾ ಆತು. ಮೃಗಾದ ಮಳಿ ಮುಗದು ಆರಿದ್ರಾ ಹತ್ತಿತ್ತು. ಬೇಲಿ ಹಾಕೂ ಮುಂದ ನನ್ನ ಕುರಿ ತೊಯ್ಕೊಂತ ನಿಂತಿದ್ದುವು. ಆವತ್ತ ಈದ ಮರಿ ಬೆಳದು ಈಗ ತಾನೂ ಎರಡ ಸಲ ಈದೈತ್ರಿ."

ನ್ಯಾಯಾಧೀಶರು ಎದುರು ಪಕ್ಷದವರೇ ಕೊಟ್ಟ ಪಂಚಾಂಗಗಳನ್ನು ತಿರುವಿದರು. ಅಧಿಕ ವೈಶಾಖ ಇದ್ದದ್ದು ೧೯೩೪ರಲ್ಲಿ ಮಾತ್ರ. ಆ ವರ್ಷದ ಕಾರಹುಣ್ಣಿಮೆಯ ಮೂರನೆಯ ದಿನ ಜೂನ್ ೩೦, ಆರಿದ್ರಾ ಮಳೆಯ ನಡುವೆ. ಹಿರಿಯ ವಕೀಲರು ಎರಡು ಮೂರು ಪ್ರಶ್ನೆ ಹಾಕಿ ನೋಡಿದರು. ಬೀರಪ್ಪ ಅಲುಗಲಿಲ್ಲ. ಇದನ್ನು ಯಾವ ವಕೀಲನೂ ಹೇಳಿಕೊಟ್ಟಿರಲಾರ, ಇವನನ್ನು ಕರೆಸಿದ ವಕೀಲನಿಗೆ ಇದು ತಿಳಿದೇ ಇರಲಿಲ್ಲ ಎಂದು ನ್ಯಾಯಾಧೀಶರು ಬರೆದುಕೊಂಡರು. ಮುಂದಿನ ತಿಂಗಳು ತೀರ್ಪು ನೀಲವ್ವನ ಕಡೆಗಾಯಿತು. ಬೇಲಿ ಕಿತ್ತರು, ಕತ್ತೆಗಳು ಹಳೆಯ ದಾರಿಗೆ ಬಂದವು. ನನ್ನನ್ನು ತಮ್ಮ ಕೋಣೆಗೆ ಕರೆದು ನ್ಯಾಯಾಧೀಶರು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಸನದು ಉಳಿಯಿತು.

ಆದರೆ ನನಗೆ ಮರೆಯಲಾಗದ್ದು ತೀರ್ಪಲ್ಲ. ಸಾಕ್ಷಿ ಮುಗಿದ ಆ ಮಧ್ಯಾಹ್ನ ಕೋರ್ಟಿನ ಹೊರಗೆ ಬೀರಪ್ಪನ ಹತ್ತಿರ ಹೋಗಿ, ಎಲ್ಲ ಸರಿಹೋಯಿತು, ಇನ್ನು ಹೆದರಬೇಡಿ ಎಂದೆ. ಅವನು ಕಂಬಳಿ ಕೊಡವುತ್ತಾ ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು.

"ಯಾರೂ ಹೇಳಿಕೊಟ್ಟಿಲ್ಲ ಅಂದೆನಲ್ಲರಿ, ಅದು ಸುಳ್ಳು. ನಿಮ್ಮ ಮಾತ ಕೇಳಿ ಹೇಳಿದೆ. ದೇವರ ಆಣಿ ಮಾಡಿ ಹೇಳಿದೆ. ನಾಳೆ ಬೀರದೇವರ ಮುಂದ ಹ್ಯಾಂಗ ನಿಂದರ್ಲಿ, ಅದನ್ನೂ ಹೇಳಿಕೊಡ್ರಿ, ಸಾಹೇಬ್ರ."

ಅವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಮೂಡಲಗಿಯ ದಾರಿ ಹಿಡಿದ.

ಆಮೇಲೆ ನಾನು ಮೂವತ್ತು ವರ್ಷ ವಕೀಲಿ ಮಾಡಿದೆ. ಸಾಕ್ಷಿ ಬಂದರೆ ಕೂರಿಸಿ, ಮಳೆಯೋ ಕುರಿಯೋ ಅವರು ಹೇಳಿದ್ದನ್ನೆಲ್ಲ ಕೇಳುತ್ತಿದ್ದೆ. ನಾನಾಗಿ ಹೇಳುತ್ತಿದ್ದದ್ದು ಒಂದೇ ಮಾತು, ನನ್ನ ಹೆಸರು ಕೇಳಿದರೆ ಮುಚ್ಚಿಡಬೇಡಿ ಎಂದು. ನನ್ನ ತಪ್ಪು ತಾರೀಖನ್ನು ಕೋರ್ಟು ಅರ್ಧ ಗಂಟೆಯಲ್ಲಿ ತಿದ್ದಿತು. ಆ ಮುದುಕನ ಬಾಯಲ್ಲಿ ನಾನಿಟ್ಟ ಸುಳ್ಳನ್ನು ತಿದ್ದುವ ಅಧಿಕಾರ ಯಾವ ಕೋರ್ಟಿಗೂ ಇರಲಿಲ್ಲ.